ಮಾವನ ದ್ರಾಕ್ಷಿ ಬಾಗದಲ್ಲಿ ಮೂರು ಮಿಂಚು

ಸಣ್ಣ ಜೀವಿಗಳ ಫೋಟೋ ತೆಗೆಯುವ ಚಟದಲ್ಲಿ ಒಂದು ದೊಡ್ಡ ಅನುಕೂಲವಿದೆ. ಹುಲಿಯ ಹಿಂದೆ ಬಿದ್ದವರು ಕಾಡಿಗೆ ಹೋಗಬೇಕು, ಜೀಪಿಗೆ ದುಡ್ಡು ಕೊಡಬೇಕು, ಹುಲಿ ಬರದಿದ್ದರೆ ಕಾಡೆಮ್ಮೆಯ ಬೆನ್ನು ನೋಡಿ ವಾಪಸಾಗಬೇಕು. ಹುಳದ ಹಿಂದೆ ಬಿದ್ದವರು ಮಾವನ ಮನೆಗೆ ಹೋದರೆ ಸಾಕು. ಊಟ ಪುಕ್ಕಟೆ, ವಸತಿ ಪುಕ್ಕಟೆ, ಹುಳಗಳೂ ಪುಕ್ಕಟೆ. ಮಾವನವರು ರೈತರಾಗಿದ್ದರಂತೂ ಹುಳಗಳಿಗೆ ಬರವೇ ಇರುವುದಿಲ್ಲ. ಈ ಕೊನೆಯ ವಾಕ್ಯವನ್ನು ನಾನು ಮಾವನವರ ಎದುರಿಗೇ ಹೇಳಿಬಿಟ್ಟೆ. ಮುಂದಿನ ಅನಾಹುತಗಳಿಗೆಲ್ಲ ಅದೇ ಮುನ್ನುಡಿ.

ನನ್ನ ಹೆಂಡತಿಯ ತವರು ಖಂಡೇರಾಜುರಿ. ಅಥಣಿಯಿಂದ ಹೊರಟರೆ ಕಾಗವಾಡದಲ್ಲಿ ಕರ್ನಾಟಕ ಮುಗಿಯುತ್ತದೆ, ಮ್ಹೈಸಾಳದಲ್ಲಿ ಮಹಾರಾಷ್ಟ್ರ ಶುರುವಾಗುತ್ತದೆ. ಬಸ್ಸಿನೊಳಗಿನ ಮಾತು ಮಾತ್ರ ಎಲ್ಲಿ ಬದಲಾಯಿತೆಂದು ಕಂಡಕ್ಟರಿಗೂ ತಿಳಿಯುವುದಿಲ್ಲ. ಮಿರಜಕ್ಕೆ ಬಂದು ಪೂರ್ವಕ್ಕೆ ಹೊರಳಿದರೆ ದಂಡೋಬಾ ಗುಡ್ಡದ ಸೀಮೆ, ಅಲ್ಲಿದೆ ಊರು. ಮಾವನವರ ಮನೆಯಲ್ಲಿ ಅಡುಗೆಮನೆಯ ಮಾತು ಕನ್ನಡ, ಪಂಚಾಯತಿಯ ಮಾತು ಮರಾಠಿ, ಸಿಟ್ಟು ಬಂದರೆ ಎರಡೂ. ಮಳೆ ಕಮ್ಮಿಯ ನಾಡು. ಮ್ಹೈಸಾಳ ಏತ ನೀರಾವರಿ ಯೋಜನೆ ಕೃಷ್ಣೆಯ ನೀರನ್ನು ಹಂತ ಹಂತವಾಗಿ ಮೇಲೆತ್ತಿ ಮಿರಜ ತಾಲೂಕಿನ ಪೂರ್ವ ಭಾಗಕ್ಕೆ, ಕವಠೆ ಮಹಾಂಕಾಳಕ್ಕೆ, ಜತ್ತಕ್ಕೆ ಕಳಿಸುತ್ತದೆ. ಆ ನೀರನ್ನೂ ಬೋರಿನ ನೀರನ್ನೂ ಹನಿ ಹನಿಯಾಗಿ ಕುಡಿಸಿ ಜನ ದ್ರಾಕ್ಷಿ ಬೆಳೆಯುತ್ತಾರೆ; ತೋಟಕ್ಕೆ ಇಲ್ಲಿ ಬಾಗ ಎನ್ನುತ್ತಾರೆ. ಏಪ್ರಿಲ್‌ನಲ್ಲಿ ಒಂದು ಛಾಟಣಿ, ಅಂದರೆ ಬಳ್ಳಿ ಸವರುವುದು, ಅಕ್ಟೋಬರಿನಲ್ಲಿ ಇನ್ನೊಂದು ಛಾಟಣಿ, ನಡುವೆ ಮೋಡ ಕಟ್ಟಿದರೆ ದವಣ್ಯಾ ರೋಗದ ಭಯ, ಮೋಡ ಕಟ್ಟದಿದ್ದರೆ ಭೂರಿ, ಅಂದರೆ ಬೂದಿ ರೋಗದ ಭಯ. ಜ್ವರ ಬಂದ ಮಗುವನ್ನು ಮುಟ್ಟಿ ನೋಡುವ ಹಾಗೆ ಮಾವನವರು ದಿನಾ ಬೆಳಿಗ್ಗೆ ಎಲೆಗಳ ಬೆನ್ನು ಮುಟ್ಟಿ ನೋಡುತ್ತಾರೆ. ಇಂಥ ಮನುಷ್ಯನಿಗೆ ನಾನು ಹೋಗಿ, “ಮಾವನವರ, ನಿಮ್ಮ ಬಾಗದಾಗ ಹುಳಾ ಭಾಳ ಇರ್ತಾವಲ್ಲ, ಅದಕ್ಕs ಬಂದೇನಿ” ಎಂದೆ.

ಮಾವನವರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು. “ಅಳಿಯಾರ, ನಮ್ಮ ಬಾಗದಾಗ ಹುಳಾ ಇಲ್ಲ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಬಾಜೂದವರ ಬಾಗದಾಗ ನೋಡ್ರಿ” ಎಂದೂ ಸೇರಿಸಿದರು.

ಫೆಬ್ರುವರಿ ತಿಂಗಳು. ಗೊಂಚಲು ತುಂಬಿದ್ದವು, ಕೊಯ್ಲು ಹತ್ತಿರ ಬಂದಿತ್ತು, ವ್ಯಾಪಾರಿ ಇಂದೋ ನಾಳೆಯೋ ದರ ಮಾತಾಡಲು ಬರುವವನಿದ್ದ. ನನ್ನ ಬ್ಯಾಗಿನಲ್ಲಿ ಹೊಸದಾಗಿ ಕೊಂಡ, ಅಂದರೆ ಬೇರೆಯವರಿಗೆ ಹಳತಾಗಿದ್ದ, ಮೂರು ಪುಟ್ಟ ವೈರ್‌ಲೆಸ್ ಫ್ಲ್ಯಾಶ್‌ಗಳಿದ್ದವು.

ಈ ಫ್ಲ್ಯಾಶ್‌ಗಳು ಯಾಕೆ ಬೇಕು ಎಂಬುದನ್ನು ನಾನು ಹೆಂಡತಿಗೆ ಮೊದಲೇ ವಿವರಿಸಿದ್ದೆ. ನಿಮಗೂ ವಿವರಿಸುತ್ತೇನೆ, ನೀವಾದರೂ ನಂಬಿ. ಹುಳವನ್ನು ಅದರ ನಿಜವಾದ ಗಾತ್ರದಲ್ಲಿ ಸೆನ್ಸರಿನ ಮೇಲೆ ಮೂಡಿಸುವಷ್ಟು ಹತ್ತಿರ ಹೋದಾಗ ಸೆನ್ಸರಿಗೆ ಮುಟ್ಟುವ ಬೆಳಕು ಕಾಲು ಭಾಗಕ್ಕೆ ಇಳಿದಿರುತ್ತದೆ. ಸ್ಪಷ್ಟವಾಗಿ ಕಾಣುವ ಆಳವೂ ಕೈಕೊಡುತ್ತದೆ; ಎಫ್/11ರಲ್ಲಿ ತೆಗೆದರೂ ಸುಮಾರು ಒಂದು ಮಿಲಿಮೀಟರ್. ಹುಳದ ಕಣ್ಣು ಸ್ಪಷ್ಟವಾದರೆ ಮೀಸೆ ಮಸುಕು, ಮೀಸೆ ಸ್ಪಷ್ಟವಾದರೆ ಕಣ್ಣು ಮಸುಕು. ಆಳ ಹೆಚ್ಚಿಸಲು ಲೆನ್ಸಿನ ಕಿಂಡಿ ಕಿರಿದು ಮಾಡಬೇಕು, ಕಿಂಡಿ ಕಿರಿದಾದರೆ ಇದ್ದ ಬೆಳಕೂ ಹೋಗುತ್ತದೆ. ಶಟರ್ ನಿಧಾನ ಮಾಡೋಣವೆಂದರೆ ಗಾಳಿಗೆ ಎಲೆ ಅಲುಗುತ್ತದೆ, ಎಲೆ ನಿಂತರೆ ಹುಳ ನಡೆಯುತ್ತದೆ, ಹುಳವೂ ನಿಂತರೆ ನನ್ನ ಕೈ ನಡುಗುತ್ತದೆ. ಇದಕ್ಕೆಲ್ಲ ಒಂದೇ ಮದ್ದು ಫ್ಲ್ಯಾಶ್. ಶಕ್ತಿ ಕಡಿಮೆ ಇಟ್ಟಾಗ ಅದು ಬೆಳಗುವುದು ಸೆಕೆಂಡಿನ ಹತ್ತು ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು. ಅಷ್ಟರಲ್ಲಿ ಎಲೆಗೂ ಹುಳಕ್ಕೂ ನನ್ನ ಕೈಗೂ ಅಲುಗಾಡಲು ಪುರುಸೊತ್ತು ಸಿಗುವುದಿಲ್ಲ.

ಇದೇನು ಹೊಸ ಬುದ್ಧಿಯಲ್ಲ. 1851ರಲ್ಲಿ ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ ಎಂಬಾತ ‘ದಿ ಟೈಮ್ಸ್’ ಪತ್ರಿಕೆಯ ಒಂದು ತುಂಡನ್ನು ಚಕ್ರಕ್ಕೆ ಅಂಟಿಸಿ ಗರಗರ ತಿರುಗಿಸಿ, ವಿದ್ಯುತ್ ಕಿಡಿಯ ಬೆಳಕಿನಲ್ಲಿ ಅದರ ಫೋಟೋ ತೆಗೆದ. ಅಕ್ಷರಗಳು ಓದುವಂತೆ ಮೂಡಿದವು. “ತಿರುಗೋ ಪೇಪರ್ ಯಾಕ ಓದಬೇಕು, ನಿಲ್ಲಿಸಿ ಓದಿದ್ರ ಆಗ್ತಿರಲಿಲ್ಲೇನು?” ಎಂದಳು ಹೆಂಡತಿ. ವಿಜ್ಞಾನದ ಇತಿಹಾಸದಲ್ಲಿ ಈ ಪ್ರಶ್ನೆಯನ್ನು ಟಾಲ್ಬಟ್‌ಗೆ ಯಾರೂ ಕೇಳಲಿಲ್ಲವೆಂದು ಕಾಣುತ್ತದೆ, ಆತ ಪುಣ್ಯವಂತ.

ಕ್ಯಾಮೆರಾದ ತಲೆಯ ಮೇಲೆ ಕೂರುವ ಫ್ಲ್ಯಾಶ್ ಈ ಕೆಲಸಕ್ಕೆ ಬರುವುದಿಲ್ಲ. ಹುಳ ಲೆನ್ಸಿನ ಮೂತಿಗೆ ಗೇಣು ದೂರದಲ್ಲಿರುವಾಗ ಅದರ ಬೆಳಕು ಹುಳದ ತಲೆಯ ಮೇಲಿಂದ ಹಾಯ್ದು ಬಾಜೂದವರ ಬಾಗಕ್ಕೆ ಬೀಳುತ್ತದೆ. ಅದಕ್ಕೇ ಪುಟ್ಟ ಫ್ಲ್ಯಾಶ್‌ಗಳನ್ನು ಕ್ಯಾಮೆರಾದಿಂದ ಬಿಡಿಸಿ ಹುಳದ ಎಡಬಲಕ್ಕೆ ಇಡುವ ಪದ್ಧತಿ ಬಂತು. 2005ರಲ್ಲಿ ನಿಕಾನ್ ಕಂಪನಿ ಆರ್1ಸಿ1 ಎಂಬ ಕಿಟ್ ತಂದಿತು. ಅದರ ಎಸ್‌ಬಿ-ಆರ್200 ಫ್ಲ್ಯಾಶ್ ಬರೀ 120 ಗ್ರಾಂ; ಲೆನ್ಸಿನ ಬಾಯಿಗೆ ಒಂದು ಉಂಗುರ ತೊಡಿಸಿ ಸುತ್ತಲೂ ಸಿಕ್ಕಿಸಬಹುದು, ಬೇಕಾದರೆ ಕಳಚಿ ಬೇಕಾದಲ್ಲಿ ಇಡಬಹುದು. ಅದರ ಗೈಡ್ ನಂಬರ್ 10. ಮದುವೆಯಲ್ಲಿ ಮದುಮಗನ ಮುಖ ಬೆಳಗಲು ಇದು ಸಾಲದು. ಆದರೆ ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ ಎಂಬ ನಿಯಮವಿರುವುದರಿಂದ ಗೇಣು ದೂರದ ಹುಳಕ್ಕೆ ಅದೇ ಧಾರಾಳ. ಈಚೆಗೆ ರೇಡಿಯೋ ಅಲೆಯಿಂದ ನಡೆಯುವ, ಮೊಬೈಲಿನ ವೈರಿನಲ್ಲೇ ಚಾರ್ಜ್ ಆಗುವ ಗೋಡಾಕ್ಸ್ ಎಂಎಫ್12ರಂಥವೂ ಬಂದಿವೆ. ನನ್ನವು ಇನ್ಫ್ರಾರೆಡ್ ಕಾಲದವು. ಬೆಲೆ ಇಲ್ಲಿ ಬರೆಯುವುದಿಲ್ಲ. ಈ ಪತ್ರಿಕೆ ನಮ್ಮ ಮನೆಗೂ ಬರುತ್ತದೆ.

ಮೊದಲ ತೊಡಕು ಸೆಲ್ಲಿನದು. ನನ್ನ ಫ್ಲ್ಯಾಶ್‌ಗಳಿಗೆ ಬೇಕಾದದ್ದು ಸಿಆರ್123ಎ ಎಂಬ ಕುಳ್ಳ ಲಿಥಿಯಂ ಸೆಲ್. ಊರಿನ ಕಿರಾಣಿ ಅಂಗಡಿಯಲ್ಲಿ ಕೇಳಿದರೆ ಗಡಿಯಾರದ ಸೆಲ್ ಕೊಟ್ಟರು. ಅಲ್ಲ ಎಂದರೆ ರಿಮೋಟಿನದು ಕೊಟ್ಟರು. ಅದೂ ಅಲ್ಲ ಎಂದಾಗ, “ಮತ್ತ ಯಾವ ಸೆಲ್ ಐತ್ರೀ ಜಗತ್ತಿನಾಗ?” ಎಂದು ನನ್ನನ್ನೇ ಕೇಳಿದರು. ಮಿರಜಕ್ಕೆ ಹೋದೆ. ಮಿರಜದಲ್ಲಿ ಸಿತಾರ್ ಮಾಡುವವರ ಗಲ್ಲಿಯಿದೆ. 2024ರಲ್ಲಿ ಅಲ್ಲಿನ ಸಿತಾರಿಗೂ ತಾನ್‌ಪುರಾಕ್ಕೂ ಜಿಐ ಟ್ಯಾಗ್ ಸಿಕ್ಕಿತು. ತಲೆಮಾರುಗಳಿಂದ ತಂತಿಯನ್ನೇ ನಂಬಿ ಬದುಕಿದ ಆ ಗಲ್ಲಿಯಲ್ಲಿ ನಾನೊಬ್ಬ ವೈರ್‌ಲೆಸ್ ಮನುಷ್ಯನೆಂದು ಬೀಗುತ್ತ ನಡೆದೆ. ಸೆಲ್ ಸಿಕ್ಕಿತು. ಅದರ ಬೆಲೆಯನ್ನೂ ಇಲ್ಲಿ ಬರೆಯುವುದಿಲ್ಲ.

ಮರುದಿನ ಮಟಮಟ ಮಧ್ಯಾಹ್ನ ಬಾಗಕ್ಕೆ ಇಳಿದೆ. ಸಹಾಯಕ್ಕೆ ಭಾವಮೈದನ ಇಬ್ಬರು ಮಕ್ಕಳು. ಹುಡುಗನ ಕೈಗೊಂದು ಫ್ಲ್ಯಾಶ್, ಹುಡುಗಿಯ ಕೈಗೊಂದು, ಮೂರನೆಯದು ಬಳ್ಳಿಯ ತಂತಿಗೆ ಕ್ಲಿಪ್ಪಿನಲ್ಲಿ. ಎಲೆಯ ಮೇಲೊಂದು ಇರುವೆ ಸಿಕ್ಕಿತು. ಬಟನ್ ಒತ್ತಿದೆ. ಹುಡುಗನ ಫ್ಲ್ಯಾಶ್ ಮಿಂಚಿತು, ಹುಡುಗಿಯದು ಮಿಂಚಲಿಲ್ಲ. ಮತ್ತೆ ಒತ್ತಿದೆ. ಹುಡುಗಿಯದು ಮಿಂಚಿತು, ಹುಡುಗನದು ಸುಮ್ಮನಿತ್ತು. ಇನ್ನೊಮ್ಮೆ ಒತ್ತಿದಾಗ ತಂತಿಯ ಮೇಲಿನದು ಮಾತ್ರ ಮಿಂಚಿತು, ಅದೂ ಆಕಾಶದ ಕಡೆ. ಮಕ್ಕಳ ನಡುವೆ ಜಗಳ ಶುರುವಾಯಿತು. “ನಂದು ಮಿಂಚಿತು!” “ನಂದು ಎರಡ ಸಲಾ ಮಿಂಚಿತು!” ಇರುವೆ ತನ್ನ ಕೆಲಸಕ್ಕೆ ಹೋಯಿತು.

ಕಾರಣ ಸರಳ. ಟಿವಿ ರಿಮೋಟಿನಲ್ಲಿರುವುದೂ ಇನ್ಫ್ರಾರೆಡ್, ಇದರಲ್ಲಿರುವುದೂ ಇನ್ಫ್ರಾರೆಡ್. ಕ್ಯಾಮೆರಾದ ಮೇಲಿನ ಕಮಾಂಡರ್ ಕಣ್ಣಿಗೆ ಕಾಣದ ಮಿಡಿತಗಳಲ್ಲಿ ಅಪ್ಪಣೆ ಕೊಡುತ್ತದೆ; ಫ್ಲ್ಯಾಶಿನ ಮೈಮೇಲಿನ ಸಣ್ಣ ಕಿಟಕಿ ಅದನ್ನು ಕಾಣಬೇಕು. ನಡುವೆ ದ್ರಾಕ್ಷಿ ಎಲೆ ಬಂದರೆ ಅಪ್ಪಣೆ ಎಲೆಗೆ ಮುಟ್ಟುತ್ತದೆ. ಫ್ಲ್ಯಾಶನ್ನು ಹುಳದ ಕಡೆ ತಿರುಗಿಸುವ ಭರದಲ್ಲಿ ಕಿಟಕಿಯನ್ನು ಬೆರಳಿನಿಂದ ಮುಚ್ಚಿದರೆ ಅಪ್ಪಣೆ ಬೆರಳಿಗೆ ಮುಟ್ಟುತ್ತದೆ. ಇವೆರಡೂ ಇಲ್ಲವೆಂದರೆ ಮೇಲೆ ಸೂರ್ಯನಿದ್ದಾನೆ. ಅವನೂ ಇನ್ಫ್ರಾರೆಡ್ಡನ್ನು ಕೈಬಿಚ್ಚಿ ಸುರಿಸುವವನು. ಮಿರಜ ತಾಲೂಕಿನ ಫೆಬ್ರುವರಿ ಮಧ್ಯಾಹ್ನದಲ್ಲಿ ಅವನ ಗದ್ದಲದೊಳಗೆ ನನ್ನ ಕಮಾಂಡರಿನ ಪಿಸುಮಾತು ಯಾವ ಫ್ಲ್ಯಾಶಿಗೆ ಕೇಳಬೇಕು? ಇದನ್ನೆಲ್ಲ ಮಕ್ಕಳಿಗೆ ತಿಳಿಸಿ ಹೇಳಿದೆ. ಹುಡುಗಿ ಶಾಂತವಾಗಿ ಕೇಳಿ, “ಮಾಮಾ, ಹಂಗಾರ ವೈರ್ ಹಚ್ಚಿದ್ರ ಆಗೂದಿಲ್ಲೇನ್ರೀ?” ಎಂದಳು. ಬೆಳೆಯುವ ಮಕ್ಕಳು ಹೀಗೆ ಯೋಚಿಸಬಾರದು ಎಂದು ತಿಳಿಹೇಳಿ ಮನೆಗೆ ಕರೆತಂದೆ.

ಸಂಜೆ ಹೊತ್ತಿಗೆ ಬಿಸಿಲಿನ ಗದ್ದಲ ತಗ್ಗಿತು. ಔಷಧ ಪಂಪು ಇಡುವ ಶೆಡ್ಡಿನ ಗೋಡೆಯ ಮೇಲೆ ನೆಗೆಯುವ ಜೇಡವೊಂದು ಸಿಕ್ಕಿತು. ಇದು ಬಲೆ ಕಟ್ಟಿ ಕಾಯುವ ಜಾತಿಯಲ್ಲ, ನೋಡಿ ನೆಗೆದು ಹಿಡಿಯುವ ಜಾತಿ. ಎಂಟು ಕಣ್ಣು, ಮುಂದಿನ ಎರಡು ದೊಡ್ಡವು, ದುಂಡಗೆ, ಕಪ್ಪಗೆ. ನಾವು ಅದನ್ನು ನೋಡಿದರೆ ಅದು ತಿರುಗಿ ನಮ್ಮನ್ನು ನೋಡುತ್ತದೆ. ಮೂರು ಫ್ಲ್ಯಾಶೂ ಒಟ್ಟಿಗೆ ಮಿಂಚಿದವು. ಜೇಡ ನನ್ನನ್ನು ಅಳೆದು ನೋಡಿತು, ನೆಗೆದು ಲೆನ್ಸಿನ ಅಂಚಿನ ಮೇಲೆ ಕೂತಿತು. ಮ್ಯಾಕ್ರೋ ಲೆನ್ಸು ಬಹಳ ಹತ್ತಿರದ್ದನ್ನು ತೋರಿಸುವುದು ನಿಜ. ತನ್ನ ಮೇಲೆಯೇ ಕೂತದ್ದನ್ನು ತೋರಿಸುವುದಿಲ್ಲ.

ಚಿತ್ರವಂತೂ ಬಂತು. ರಾತ್ರಿ ಊಟಕ್ಕೆ ಮುಂಚೆ ಎಲ್ಲರಿಗೂ ತೋರಿಸಿದೆ. ಅತ್ತೆಯವರಿಗೆ ಆಗಷ್ಟೇ ಮಿರಜದಲ್ಲಿ ಕಣ್ಣಿನ ಆಪರೇಷನ್ ಆಗಿತ್ತು. 1894ರಲ್ಲಿ ಡಾಕ್ಟರ್ ವಾನ್ಲೆಸ್ ಅಲ್ಲಿ ಮಿಷನ್ ದವಾಖಾನೆ ಶುರು ಮಾಡಿದಾಗಿನಿಂದ ಸುತ್ತಲ ಸೀಮೆಯವರು ಮಿರಜ ಎಂದರೆ ದವಾಖಾನೆ ಎಂದೇ ಬಲ್ಲರು. ಅತ್ತೆಯವರಿಗೂ ಆ ವಿಷಯದಲ್ಲಿ ಸಾಕಷ್ಟು ಪಾಂಡಿತ್ಯ. ಕನ್ನಡಕ ಏರಿಸಿ ಜೇಡದ ಕಣ್ಣನ್ನು ಹತ್ತಿರದಿಂದ ನೋಡಿದರು. ಕಪ್ಪು ಕಣ್ಣಿನೊಳಗೆ ಮೂರು ಬಿಳಿ ಚುಕ್ಕೆ. ಮೂರು ಫ್ಲ್ಯಾಶಿನ ಮೂರು ಪ್ರತಿಬಿಂಬ.

“ಅಯ್ಯ ಪಾಪ, ಇದಕ್ಕೂ ಮೋತಿಬಿಂದು ಆಗೇತಲ್ಲ” ಎಂದರು. “ಒಂದೊಂದು ಕಣ್ಣಾಗ ಮೂರಮೂರು. ಅದಕ್ಕs ಕಾಣಲಾರದ ನಿಮ್ಮ ಮ್ಯಾಲ ಜಿಗದೈತಿ.”

ನಾನು ಪ್ರತಿಬಿಂಬ, ಬೆಳಕಿನ ಮೂಲ ಎಂದೆಲ್ಲ ಹೇಳಲು ಹೊರಟೆ. ಅತ್ತೆಯವರು, “ಇರಲಿ ಬಿಡ್ರಿ, ಈಗ ಬಿಲ್ಲೆ ಹಾಕ್ತಾರ” ಎಂದು ಜೇಡಕ್ಕೆ ಧೈರ್ಯ ಹೇಳಿ ರೊಟ್ಟಿ ಬಡಿಸಲು ಎದ್ದರು.

ಹಗಲಲ್ಲಿ ಬಿಸಿಲು ಕಾಡುವುದಾದರೆ ರಾತ್ರಿ ತೆಗೆದರಾಯಿತು ಎಂದು ಹೊಳೆದದ್ದು ಆ ಊಟದ ಹೊತ್ತಿನಲ್ಲೇ. ಹಿಂದೆ ಮುಂದೆ ನೋಡದೆ ಲುಂಗಿ ಮೇಲೆ ಕಟ್ಟಿ, ಹಣೆಗೆ ಟಾರ್ಚ್ ಬಿಗಿದು ಬಾಗದೊಳಗೆ ನುಗ್ಗಿದೆ. ಕತ್ತಲಲ್ಲಿ ಇನ್ಫ್ರಾರೆಡ್ಡಿಗೆ ಎದುರಾಳಿಯೇ ಇಲ್ಲ. ಮೂರೂ ಫ್ಲ್ಯಾಶ್ ಒಂದಾಗಿ ಮಿಂಚಿದವು. ಸಾಲು ಸಾಲು ಬಳ್ಳಿ ಬೆಳಗಿ ಆರಿದವು. ಎಷ್ಟು ಚೆನ್ನಾಗಿ ಬೆಳಗಿದವೆಂದರೆ ಸುತ್ತಲಿನ ಬಾಗಗಳಲ್ಲಿ ಕಾವಲಿದ್ದವರೆಲ್ಲ ಎದ್ದು ಕೂತರು. ಮೋಟರ್ ಕೇಬಲ್ ಕದಿಯುವವರ ಭಯದಲ್ಲಿ ಅರ್ಧ ಎಚ್ಚರವಾಗಿಯೇ ಮಲಗುವ ಜನ. ನಾಲ್ಕೂ ದಿಕ್ಕಿನಿಂದ ಬ್ಯಾಟರಿ ಬೆಳಕು, ಬಡಿಗೆ, ಎರಡು ನಾಯಿ. ನಾನು ಎದ್ದು ನಿಂತು ಗಟ್ಟಿಯಾಗಿ, “ಮೀ ಜಾವಯಿ ಆಹೇ!” ಎಂದು ನನಗೆ ಬರುವ ಮರಾಠಿಯಲ್ಲಿ ಕೂಗಿದೆ. ಕತ್ತಲೊಳಗಿಂದ ಒಂದು ದನಿ, “ಕೋಣಾಚಾ?” ಎಂದಿತು. ಯಾರ ಅಳಿಯ ಎಂಬುದು ನ್ಯಾಯವಾದ ಪ್ರಶ್ನೆಯೇ. ಮಾವನವರ ಹೆಸರು ಹೇಳಿದೆ. ಬಡಿಗೆಗಳು ಕೆಳಗಿಳಿದವು. ಮಾವನವರ ಮರ್ಯಾದೆಯೂ ಜೊತೆಗೇ ಇಳಿಯಿತೆಂದು ನನಗೆ ತಿಳಿದದ್ದು ಬೆಳಿಗ್ಗೆ.

ಇಷ್ಟಾದ ಮೇಲೆ ಬುದ್ಧಿಯಿದ್ದವನು ಬ್ಯಾಗು ಕಟ್ಟುತ್ತಿದ್ದ. ನನಗೆ ಒಳಗೊಂದು ಆಸೆಯಿತ್ತು. ಕೊಯಮತ್ತೂರಿನ ಕೆ. ಜಯರಾಂ ಅವರು ಸಣ್ಣ ಜೀವಿಗಳ ಚಿತ್ರಗಳಿಗೆ ಹೆಸರಾದವರು. 2009ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಒಂದು ಪೊದೆಗಪ್ಪೆಗೆ ಅವರ ಹೆಸರನ್ನೇ ಇಟ್ಟರು, ಈಗ ಅದು ರಾವೊರ್ಕೆಸ್ಟಿಸ್ ಜಯರಾಮಿ. ಕಪ್ಪೆಯಷ್ಟು ದೊಡ್ಡದು ನನಗೆ ಬೇಡ. ಒಂದು ನುಸಿಗಾದರೂ ನನ್ನ ಹೆಸರಿಟ್ಟರೆ ಸಾಕು ಎಂದು ಹೆಂಡತಿಯ ಬಳಿ ಒಮ್ಮೆ ಹೇಳಿಕೊಂಡಿದ್ದೆ. “ಇಡ್ತಾರ ಬಿಡ್ರಿ” ಎಂದಿದ್ದಳು. ಅವಳ ಬಾಯಿಗೆ ಇಷ್ಟು ಶಕ್ತಿಯಿದೆಯೆಂದು ಆಗ ಗೊತ್ತಿರಲಿಲ್ಲ.

ಬೆಳಿಗ್ಗೆ ಬಾಗದ ಕೊನೆಯ ಸಾಲಿನಲ್ಲಿ, ಬಳ್ಳಿಯ ತೊಗಟೆಗೆ ಅಂಟಿಕೊಂಡಿದ್ದ ಬಿಳಿ ಹುಳವೊಂದು ಕಂಡಿತು. ಮೈತುಂಬ ಬಿಳಿ ಎಳೆ. ಕೊಯ್ಲು ಹತ್ತಿರ ಬಂದಾಗ ಹಣ್ಣಿನಲ್ಲಿ ಔಷಧದ ಅಂಶ ಉಳಿಯಬಾರದೆಂದು ಸಿಂಪರಣೆ ನಿಲ್ಲಿಸಿರುತ್ತಾರೆ. ಹೀಗಾಗಿ ಅದಕ್ಕೆ ಧೈರ್ಯ ಬಂದಿರಬೇಕು. ನಾನು ನೆಲಕ್ಕೆ ಬಿದ್ದು, ಮೂರೂ ಫ್ಲ್ಯಾಶನ್ನು ಅದರ ಸುತ್ತ ನೆಟ್ಟು ಮಿಂಚಿಸತೊಡಗಿದೆ. ಬರಿಯ ಫ್ಲ್ಯಾಶ್, ಮುಂದೆ ಏನೂ ಮರೆಯಿಲ್ಲ. ಬಿಳಿ ಹುಳದ ಮೇಲೆ ಬಿಳಿ ಬೆಳಕು ಮೂರು ಕಡೆಯಿಂದ ಅಪ್ಪಳಿಸಿದರೆ ಏನಾಗಬೇಕೋ ಅದೇ ಆಯಿತು. ತೆರೆಯ ತುಂಬ ಒಂದು ಬಿಳಿ ಮುದ್ದೆ, ಸುತ್ತ ಕರಿ ನೆರಳು. ಕಾಲಿಲ್ಲ, ತಲೆಯಿಲ್ಲ, ಹಿಂದು ಮುಂದಿಲ್ಲ.

ಅದೇ ಹೊತ್ತಿಗೆ ಸಾಲಿನ ಆ ತುದಿಯಿಂದ ವ್ಯಾಪಾರಿ ಬಂದ. ಬಿಳಿ ಅಂಗಿ, ಕರಿ ಚಷ್ಮಾ. ಒಂದು ಕಾಳು ಕಿತ್ತು, ಅದರ ರಸವನ್ನು ಸಕ್ಕರೆ ಅಳೆಯುವ ನಳಿಕೆಗೆ ಹಿಂಡಿ, ಒಂದು ಕಣ್ಣು ಮುಚ್ಚಿ ಆಕಾಶದ ಕಡೆ ಎತ್ತಿ ನೋಡುತ್ತಿದ್ದ. ಈ ತುದಿಯಲ್ಲಿ ನಾನೂ ಒಂದು ಕಣ್ಣು ಮುಚ್ಚಿ ನೆಲದ ಕಡೆ ನೋಡುತ್ತಿದ್ದೆ. ಸಾಂಗ್ಲಿ ಸೀಮೆಯಲ್ಲಿ ದ್ರಾಕ್ಷಿಯ ದರ ನಾಲ್ಕು ಕಿಲೋದ ಪೆಟ್ಟಿಗೆಯ ಲೆಕ್ಕದಲ್ಲಿ. ಮಾವನವರೂ ವ್ಯಾಪಾರಿಯೂ ನಾಲ್ಕು ಕಿಲೋಕ್ಕೆ ಎಷ್ಟು ಎಂಬಲ್ಲಿ ಐದೈದು ರೂಪಾಯಿ ಹತ್ತಿ ಇಳಿದು ಇನ್ನೇನು ಕೈ ಸೇರಿಸಬೇಕು, ಅಷ್ಟರಲ್ಲಿ ಬಳ್ಳಿಯ ಬುಡದಿಂದ ಫಳ್ ಎಂದು ಮಿಂಚು ಬಂತು.

“ಏನದು?” ಎಂದ ವ್ಯಾಪಾರಿ.

“ನಮ್ಮ ಅಳಿಯಾರು” ಎಂದರು ಮಾವನವರು. ಆ ಎರಡು ಪದದಲ್ಲಿ ಅವರು ತುಂಬಿದ ದುಃಖವನ್ನು ಬರವಣಿಗೆಯಲ್ಲಿ ತರಲು ನನಗೆ ಸಾಧ್ಯವಿಲ್ಲ.

“ಸರಕಾರದವರೇನು? ತಪಾಸಣಿ ಏನರ ನಡದೈತೇನು?”

ನಾನು ಎದ್ದು, ಕಲಾವಿದನಿಗೆ ಇರಬೇಕಾದ ಉತ್ಸಾಹದಿಂದ ಕ್ಯಾಮೆರಾದ ತೆರೆಯನ್ನು ಅವನ ಮುಖದ ಮುಂದೆ ಹಿಡಿದೆ. ಮ್ಯಾಕ್ರೋ ಚಿತ್ರದಲ್ಲಿ ಅಳತೆಗೋಲು ಇರುವುದಿಲ್ಲ. ಅಕ್ಕಿಕಾಳಿನಷ್ಟಿದ್ದದ್ದೂ ತೆರೆ ತುಂಬುತ್ತದೆ. ವ್ಯಾಪಾರಿ ಚಷ್ಮಾ ತೆಗೆದ. “ಮಿಲಿಬಗ್!” ಎಂದ. “ಎಂಥಾ ದೊಡ್ಡದ್ರೀ ಇದು!”

ಮಿಲಿಬಗ್, ಅಂದರೆ ಹಿಟ್ಟು ತಿಗಣೆ, ದ್ರಾಕ್ಷಿಯವರ ಹಳೆಯ ವೈರಿ. ರಸ ಹೀರುತ್ತದೆ, ಗೊಂಚಲಿನ ಮೇಲೆ ಅಂಟು ಸುರಿಸುತ್ತದೆ, ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ, ಅಂಥ ಗೊಂಚಲನ್ನು ಪೇಟೆಯಲ್ಲಿ ಯಾರೂ ಕೇಳುವುದಿಲ್ಲ. ಆ ಹೆಸರು ಬಾಯಿಂದ ಬಂದದ್ದೇ ತಡ, ವ್ಯಾಪಾರಿಯ ಕೈ ಹಿಂದಕ್ಕೆ ಹೋಯಿತು. ದರ ಇಳಿಯಿತು. ಎಷ್ಟು ಎಂದು ಬರೆದರೆ ಮಾವನವರಿಗೆ ಮತ್ತೆ ಬಿ.ಪಿ. ಏರುತ್ತದೆ.

ಮಧ್ಯಾಹ್ನದ ಊಟದಲ್ಲಿ ಯಾರೂ ಮಾತಾಡಲಿಲ್ಲ. ಅಳಿಯನಾದ್ದರಿಂದ ಬೈಯುವ ಹಾಗಿಲ್ಲ. ಬೈಯದೆ ತುಪ್ಪ ಬಡಿಸಿದರು. ಬೈಗುಳಕ್ಕಿಂತ ಆ ತುಪ್ಪ ಗಂಟಲಿಗೆ ಹೆಚ್ಚು ಅಡ್ಡಬಂತು. ಕೊನೆಗೆ ಭಾವಮೈದ ಬಾಯಿಬಿಟ್ಟ. “ದಾಜಿ, ನಿಮ್ಮ ಬೆಳಕು ಭಾಳ ಕಣ್ಣು ಕುಕ್ಕತೈತ್ರೀ. ಅದಕ್ಕ ಒಂದೀಟ ಮುಸುಕ ಹಾಕ್ರಿ” ಎಂದು ಮೂಲೆಯಲ್ಲಿದ್ದ ದ್ರಾಕ್ಷಿ ಪೆಟ್ಟಿಗೆಯಿಂದ ಹಾಸುವ ತೆಳು ಬಿಳಿ ಹಾಳೆಯೊಂದನ್ನು ತೆಗೆದುಕೊಟ್ಟ. ಬಾಗದೊಳಗೆ ಮತ್ತೆ ಮಿಂಚು ಕಂಡರೂ ಊರಿಗೆ ಕಾಣದಿರಲಿ ಎಂಬುದಷ್ಟೇ ಅವನ ಉದ್ದೇಶ.

ಪುಸ್ತಕಗಳಲ್ಲಿ ಓದಿ ನಾನು ಬಾಯಿಪಾಠ ಮಾಡಿದ್ದು, ಕೈಗೆ ಮಾತ್ರ ಬರದಿದ್ದದ್ದು ಇದೇ ವಿಷಯ. ನೆರಳು ಗಡುಸಾಗುವುದೋ ಮೆದುವಾಗುವುದೋ ಎಂಬುದು ಫ್ಲ್ಯಾಶಿನ ಬೆಲೆಯ ಮೇಲಿಲ್ಲ, ಎಣಿಕೆಯ ಮೇಲೂ ಇಲ್ಲ. ಹುಳದ ಕಡೆಯಿಂದ ನೋಡಿದಾಗ ಬೆಳಕು ಎಷ್ಟು ಅಗಲವಾಗಿ ಕಾಣುತ್ತದೆ ಎಂಬುದರ ಮೇಲಿದೆ. ಫ್ಲ್ಯಾಶಿನ ಗಾಜು ಎರಡು ಬೆರಳು ಅಗಲ. ಅದರ ಮುಂದೆ ಅಂಗೈಯಗಲದ ಬಿಳಿ ಹಾಳೆ ಹಿಡಿದು ಹುಳದ ತೀರಾ ಹತ್ತಿರ ತಂದರೆ, ಅಕ್ಕಿಕಾಳಿನಷ್ಟಿರುವ ಆ ಹುಳಕ್ಕೆ ಆಕಾಶವೆಲ್ಲ ಮೋಡ ಮುಚ್ಚಿದ ಬೆಳಕೇ ಸಿಕ್ಕಿದಂತಾಯಿತು. ಹಾಳೆ ಸ್ವಲ್ಪ ಬೆಳಕು ನುಂಗುತ್ತದೆ. ಹತ್ತಿರ ತಂದದ್ದರಿಂದ ನುಂಗಿದ್ದಕ್ಕಿಂತ ಹೆಚ್ಚು ಮರಳಿ ಬರುತ್ತದೆ. ಎರಡು ಫ್ಲ್ಯಾಶ್ ಬ್ಯಾಗಿಗೆ ಹಾಕಿ, ಒಂದನ್ನೇ ಹಿಡಿದು, ಪೆಟ್ಟಿಗೆಯ ಹಾಳೆ ಮಡಚಿ ರಬ್ಬರ್‌ಬ್ಯಾಂಡಿನಿಂದ ಬಿಗಿದು, ಕದ್ದು ಮುಚ್ಚಿ ಮತ್ತೆ ಅದೇ ಸಾಲಿಗೆ ಹೋದೆ. ಹುಳ ಅಲ್ಲೇ ಇತ್ತು.

ಈ ಸಲ ಚಿತ್ರದಲ್ಲಿ ಮುದ್ದೆ ಇರಲಿಲ್ಲ. ಎಳೆ ಎಳೆಯಾಗಿ ಉದ್ದನೆಯ ಮೇಣದ ಕುಚ್ಚು, ಅದರ ಬುಡದಲ್ಲಿ ಉಂಗುರ ಉಂಗುರವಾದ ಮೈ, ಸ್ಪಷ್ಟವಾಗಿ ಕಾಲು, ಮುಂದೆ ತಲೆ, ತಲೆಗೆ ಕಚ್ಚುವ ದವಡೆ. ರಸ ಹೀರುವ ಮಿಲಿಬಗ್‌ಗೆ ಇಂಥ ದವಡೆ ಯಾಕೆ ಬೇಕು ಎಂದು ನನಗೂ ಅನುಮಾನ ಬಂತು. ಧಾರವಾಡದಲ್ಲಿ ಕೃಷಿ ಓದಿದ ಗೆಳೆಯನಿಗೆ ಚಿತ್ರ ಕಳಿಸಿದೆ. ಅವನು ಫೋನ್ ಮಾಡಿ ನಕ್ಕ. ಅದು ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳದ ಮರಿ. ಆಸ್ಟ್ರೇಲಿಯಾ ಮೂಲದ್ದು, ಕಾಫಿ ಗಿಡದ ಕೀಟವನ್ನು ತಿನ್ನಲೆಂದು 1898ರಲ್ಲೇ ಭಾರತಕ್ಕೆ ತಂದದ್ದು. ಮಿಲಿಬಗ್ ಎಂದರೆ ಅದಕ್ಕೆ ಪಂಚಪ್ರಾಣ, ತಿನ್ನುವುದಕ್ಕೆ. ಮರಿ ನೋಡಲು ಮಿಲಿಬಗ್‌ನ ವೇಷದಲ್ಲೇ ಇರುತ್ತದೆ, ಗಾತ್ರದಲ್ಲಿ ಮಾತ್ರ ಅದಕ್ಕಿಂತ ದೊಡ್ಡದು. ಎಷ್ಟೋ ರೈತರು ವೈರಿಯೆಂದು ತಿಳಿದು ಈ ಗೆಳೆಯನನ್ನೇ ಕೊಲ್ಲುತ್ತಾರಂತೆ. “ಅದನ್ನ ದುಡ್ಡು ಕೊಟ್ಟು ತಂದು ಬಾಗದಾಗ ಬಿಡ್ತಾರೋ ಮಾರಾಯಾ!” ಎಂದ.

ನಾನು ಕುಣಿಯುತ್ತ ಬಂದು ಮಾವನವರಿಗೆ ಹೇಳಿದೆ. ಮಾವನವರ ಮುಖಕ್ಕೆ ರಕ್ತ ಬಂತು. ಆಗಲೇ ಗಾಡಿ ತರಿಸಿ ವ್ಯಾಪಾರಿಯ ಹತ್ತಿರ ಹೋದೆವು. ಎರಡೂ ಚಿತ್ರ ಪಕ್ಕ ಪಕ್ಕದಲ್ಲಿಟ್ಟು, ದವಡೆ ತೋರಿಸಿ, ಆಸ್ಟ್ರೇಲಿಯಾದಿಂದ ಶುರುಮಾಡಿ ಎಲ್ಲ ವಿವರಿಸಿದೆ. ವ್ಯಾಪಾರಿ ಪೂರ್ತಿ ತಾಳ್ಮೆಯಿಂದ ಕೇಳಿಸಿಕೊಂಡ. ಆಮೇಲೆ ಒಂದೇ ಮಾತು ಹೇಳಿದ: “ಬರೋಬ್ಬರಿ ಐತ್ರೀ. ಆದರ ತಿನ್ನೂದು ಬಂದೈತಿ ಅಂದ್ರ, ತಿನ್ನಿಸಿಕೊಳ್ಳೂದೂ ಅಲ್ಲೇ ಎಲ್ಲೋ ಇರಬೇಕಲ್ರೀ?”

ತರ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಕ್ರಿಪ್ಟೋಲೀಮಸ್ ಉಪವಾಸ ಮಾಡಲು ಬಾಗಕ್ಕೆ ಬರುವುದಿಲ್ಲ. ದರ ಇಳಿದಲ್ಲೇ ನಿಂತಿತು.

ಮಾವನವರು ಸ್ವಾಭಿಮಾನಿ. ಆ ದರಕ್ಕೆ ಕೊಡುವುದಿಲ್ಲವೆಂದು ಇಡೀ ಪ್ಲಾಟನ್ನು ಬೇದಾಣಿಗೆ ಹಾಕಿದರು. ಸಾಂಗ್ಲಿಯ ಬೇದಾಣಿಗೆ, ಅಂದರೆ ಒಣದ್ರಾಕ್ಷಿಗೆ, 2016ರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ. ಅದರ ಹಿಂದಿನ ದುಡಿಮೆ ಏನೆಂದು ನನಗೆ ಆ ರಜೆಯಲ್ಲಿ ತಿಳಿಯಿತು. ಗೊಂಚಲು ಕೊಯ್ಯಬೇಕು, ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಬೇಕು, ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಯ ಮೇಲೆ ಹರವಬೇಕು, ಎರಡು ವಾರ ನೆರಳಲ್ಲಿ ಒಣಗಿಸಬೇಕು. ಅಳಿಯನಿಗೆ ಕೆಲಸ ಹೇಳಬಾರದೆಂಬ ರೂಢಿಯನ್ನು ಆ ವಾರ ಎಲ್ಲರೂ ಒಮ್ಮತದಿಂದ ಮರೆತರು. ನಾನು ಹರವುತ್ತಿದ್ದಾಗ ಮಾವನವರು ಹಿಂದೆ ನಿಂತು ಒಮ್ಮೆ ಮಾತ್ರ ಮಾತಾಡಿದರು: “ಅಳಿಯಾರ, ಬೇದಾಣಿದು ಫೋಟೋ ತಗೀಬ್ಯಾಡ್ರಿ ಮತ್ತ.”

ಹೆಸರಿನ ವಿಷಯ ಹೇಳುವುದು ಉಳಿದಿತ್ತು. ಆ ಮರಿಹುಳದ ಸುದ್ದಿ ಬಾಗದಿಂದ ಬಾಗಕ್ಕೆ ಹಬ್ಬಿತು. ಕ್ರಿಪ್ಟೋಲೀಮಸ್ ಮಾಂಟ್ರೋಜಿಯೇರಿ ಎಂದು ಯಾರ ಬಾಯಿಗೂ ಹೊರಳಲಿಲ್ಲ. ಬಂದು, ಪುಕ್ಕಟೆ ತಿಂದು, ಮೈತುಂಬ ಬಿಳಿ ಬಟ್ಟೆ ಹಾಕಿಕೊಂಡು, ಉಪಕಾರ ಮಾಡುತ್ತಿದ್ದೇನೆಂದು ಹೇಳುತ್ತ ದರ ಇಳಿಸುವ ಹುಳಕ್ಕೆ ಊರವರು ‘ಜಾವಯಿ ಹುಳ’ ಎಂದು ಹೆಸರಿಟ್ಟಿದ್ದಾರೆ. ವಿಜ್ಞಾನಿಗಳ ಒಪ್ಪಿಗೆ ಇನ್ನೂ ಬಂದಿಲ್ಲ. ಹೆಂಡತಿಯ ಒಪ್ಪಿಗೆ ಬಂದಿದೆ.

ಇಷ್ಟು ಓದಿದ ಮೇಲೂ ಹುಳದ ಫೋಟೋ ತೆಗೆಯುವ ಹುಮ್ಮಸ್ಸು ನಿಮ್ಮಲ್ಲಿ ಉಳಿದಿದ್ದರೆ ನಾಲ್ಕು ಮಾತು ಕಿವಿಗೆ ಹಾಕಿಕೊಳ್ಳಿ. ಮೂರು ಫ್ಲ್ಯಾಶ್ ಬೇಡ, ಒಂದು ಸಾಕು. ಅದರ ಮುಂದೆ ಬಿಳಿ ಹಾಳೆ ಇರಲಿ, ಹಾಳೆ ಹುಳಕ್ಕೆ ಆದಷ್ಟು ಹತ್ತಿರವಿರಲಿ. ಬಿಸಿಲಿನಲ್ಲಿ ಓಡಾಡುವವರು ರೇಡಿಯೋ ಜಾತಿಯದನ್ನೇ ಕೊಳ್ಳಿ. ಬಿಳಿ ಹುಳ ಕಂಡರೆ ಕೊಲ್ಲುವ ಮುಂಚೆ, ಹೆದರಿಸುವ ಮುಂಚೆ, ಅದಕ್ಕೆ ದವಡೆ ಇದೆಯೇ ನೋಡಿ. ಮಾವನವರ ಬಾಗದಲ್ಲಾದರೆ ದರ ಗೊತ್ತಾಗಿ, ಪೆಟ್ಟಿಗೆ ತುಂಬಿ, ಲಾರಿ ಊರು ದಾಟಿ, ದುಡ್ಡು ಮಾವನವರ ಕೈಸೇರಿದ ಮೇಲೆಯೇ ಕ್ಯಾಮೆರಾ ಹೊರತೆಗೆಯಿರಿ. ನನ್ನ ಬಳಿ ಉಳಿದ ಎರಡು ಫ್ಲ್ಯಾಶ್ ಮಾರಾಟಕ್ಕಿವೆ, ಸೆಲ್ ಸಮೇತ. ಕೊಳ್ಳುವ ಮನಸ್ಸಿದ್ದವರು ದಯವಿಟ್ಟು ನನ್ನ ಹೆಂಡತಿ ಮನೆಯಲ್ಲಿ ಇಲ್ಲದಾಗ ಬನ್ನಿ. ಕೊಂಡ ಬೆಲೆ ಎಷ್ಟೆಂದು ಅವಳ ಮುಂದೆ ಮಾತ್ರ ಕೇಳಬೇಡಿ.